ಮರುಳಸಿದ್ದಪ್ಪನವರ ಹೈ ಪರ್ಫಾರ್ಮೆನ್ಸ್

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಸಣ್ಣ ರೈಲು ಇನ್ನೂ ಓಡಾಡುತ್ತಿದ್ದ ಕಾಲದಲ್ಲಿ, ನರಸಿಂಹರಾಜಪುರದ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿದ್ದ ಮರುಳಸಿದ್ದಪ್ಪನವರು ಒಂದು ಕಾರು ಕೊಂಡರು. ಕೊಂಡದ್ದು ತಪ್ಪಲ್ಲ. ಬೀಗರಾಗಬೇಕಾದವರನ್ನು ಅದರಲ್ಲಿ ಕೂರಿಸಿಕೊಂಡು ಹೋದದ್ದು ತಪ್ಪು.

ಕಾರು ಕಾಫಿ ತೋಟದ ಬಿಳಿಯ ದೊರೆಯೊಬ್ಬನದು, ಮೇಲೆ ಮುಚ್ಚಿಗೆಯಿಲ್ಲದ್ದು. ಅವನು ತನ್ನ ಸೀಮೆಗೆ ಹೊರಟುಹೋಗುವಾಗ ಕಾರನ್ನೂ, ಅದನ್ನು ಹತ್ತು ವರ್ಷ ಓಡಿಸಿದ್ದ ಡ್ರೈವರ್ ಬೂತಪ್ಪನನ್ನೂ, ಸೀಟಿನ ಕೆಳಗಿದ್ದ ಒಂದು ಇಂಗ್ಲಿಷ್ ಕ್ಯಾಟಲಾಗನ್ನೂ ಮರುಳಸಿದ್ದಪ್ಪನವರಿಗೆ ಒಪ್ಪಿಸಿ ಹೋದ. ಸಮನೆಲದಲ್ಲಿ ಆ ಕಾರಿನ ಮೇಲೆ ಯಾರೂ ದೂರು ಹೇಳುವಂತಿರಲಿಲ್ಲ. ಸಂಜೆ ಅಂಗಡಿಯ ಮುಂದಿನಿಂದ ಹೊರಟು ಆಸ್ಪತ್ರೆಯ ತನಕ ಹೋಗಿ ತಿರುಗಿ ಬರುತ್ತಿತ್ತು. ಆ ನಾಲ್ಕು ಫರ್ಲಾಂಗಿನಲ್ಲಿ ಮರುಳಸಿದ್ದಪ್ಪನವರಿಗೆ ಸಿಕ್ಕ ನಮಸ್ಕಾರಗಳು ಮೂವತ್ತು ವರ್ಷ ಬಟ್ಟೆ ಅಳೆದರೂ ಸಿಕ್ಕಿರಲಿಲ್ಲ. ಏರು ಬಂದರೆ ಮಾತ್ರ ಕಾರಿನ ಸ್ವಭಾವ ಬದಲಾಗುತ್ತಿತ್ತು. ಮೊದಲು ಕೆಮ್ಮುತ್ತಿತ್ತು, ಆಮೇಲೆ ನಡುಗುತ್ತಿತ್ತು, ಕೊನೆಗೆ ಹೆಚ್ಚು ಮಾತಿಲ್ಲದೆ ನಿಂತುಬಿಡುತ್ತಿತ್ತು.

ಅವರ ಒಬ್ಬಳೇ ಮಗಳು ಸರ್ವಮಂಗಳಾ. ಅವಳನ್ನು ನೋಡಲು ಕೊಪ್ಪದ ಅಡಿಕೆ ಮಂಡಿಯ ಪರಮೇಶ್ವರಪ್ಪನವರು ಮಗನನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದು ಮನೆಯ ಬೆಕ್ಕಿಗೂ ಗೊತ್ತಾಯಿತು. ಪರಮೇಶ್ವರಪ್ಪನವರು ಮೂರು ಹೋಳಿಗೆ ತಿಂದು, ಹೋಳಿಗೆ ಚೆನ್ನಾಗಿದೆ ಎಂದೂ ಹೇಳಿದರು. ಅಲ್ಲಿಗೆ ಬಿಟ್ಟಿದ್ದರೆ ಮಾತು ಆವತ್ತೇ ಮುಗಿಯುತ್ತಿತ್ತು. ಆದರೆ ಮರುಳಸಿದ್ದಪ್ಪನವರು, ನೀವು ಬಸ್ಸಿನಲ್ಲಿ ಹೋಗುವುದು ಎಂದರೇನು, ನಮ್ಮ ಮನೆಯಲ್ಲಿ ಕಾರು ಇರುವುದು ಯಾತಕ್ಕೆ ಎಂದರು.

ಕೊಪ್ಪಕ್ಕೆ ಎರಡು ಮೈಲಿ ಇರುವಾಗ ದೊಡ್ಡ ಏರೊಂದು ಸಿಗುತ್ತದೆ. ಅದರ ನಡುವೆ ಕಾರು ಕೆಮ್ಮಿತು, ನಡುಗಿತು, ನಿಂತಿತು. ಹೋಳಿಗೆ ಊಟ ಮಾಡಿದ್ದ ಪರಮೇಶ್ವರಪ್ಪನವರು ಇಳಿದು, ಜರಿಯ ರುಮಾಲನ್ನು ಗಟ್ಟಿ ಮಾಡಿಕೊಂಡು, ಭಾವೀ ಬೀಗರ ಕಾರನ್ನು ಕಾಲು ಮೈಲಿ ತಳ್ಳಿದರು. ತಳ್ಳುತ್ತಿರುವಾಗ ಕೊಪ್ಪದ ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಬಸ್ಸಿನಲ್ಲಿದ್ದವರೆಲ್ಲ ಅವರಿಗೆ ಪರಿಚಯದವರು. ತಮ್ಮ ಮನೆಯ ಬಾಗಿಲಲ್ಲಿ ಅವರು ಹೇಳಿದ್ದು ಒಂದೇ ಮಾತು.

"ಮನೇಲಿ ಕೇಳಿ ಒಂದು ತಿಂಗಳಲ್ಲಿ ತಿಳಿಸ್ತೀನಿ. ಅಲ್ಲೀ ತನಕ ನೀವು ಬಸ್ಸಲ್ಲೇ ಓಡಾಡಿ."

ಮೂರನೆಯ ದಿನ ಮರುಳಸಿದ್ದಪ್ಪನವರು ಬೂತಪ್ಪನನ್ನು ಕರೆದು, ಕಾರಿಗೆ ಏನಾಗಿದೆ, ಒಂದು ತಿಂಗಳೊಳಗೆ ಅದು ಏರು ಹತ್ತಬೇಕು ಎಂದರು.

ಬೂತಪ್ಪ ಬಾನೆಟ್ಟು ಎತ್ತಿ ತೋರಿಸಿದ. ಎಂಜಿನ್ನಿನ ಬಲಗಡೆಗೆ ಅಂಟಿಕೊಂಡಂತೆ ಬೀಡುಕಬ್ಬಿಣದ ದಪ್ಪ ಕೊಳವೆಯೊಂದಿತ್ತು. ನಾಲ್ಕು ಸಿಲಿಂಡರಿನ ಹೊಗೆಯೂ ಅದರೊಳಗೆ ಬಂದು, ಒಂದೇ ಬಾಯಿಂದ ಕೆಳಗಿಳಿದು, ಹಿಂದಕ್ಕೆ ಹೋಗಬೇಕು. ಕೊಳವೆ ಬಿರುಕು ಬಿಟ್ಟಿತ್ತು. ಒಳಗೆ ಬೆರಳು ತೂರದಷ್ಟು ಮಸಿ ಕಟ್ಟಿತ್ತು.

"ನಾಲ್ಕು ಜನ ಒಟ್ಟಿಗೆ ಒಂದೇ ಬಾಗಿಲಲ್ಲಿ ಹೊರಡೋಕೆ ಹೋದ್ರೆ ಎಂತಾಗ್ತದೆ ಸಾವ್ಕಾರ್ರೆ? ಹಂಗೇ ಆಗಿರೋದು. ಉಸಿರು ತಗೊಳ್ಳೋಕೆ ಜಾಗ ಉಂಟು, ಬಿಡೋಕೆ ಇಲ್ಲ," ಎಂದ ಬೂತಪ್ಪ.

ಹೊಸದು ಹಾಕಿಸಬೇಕಾಗಿತ್ತು. ಸೀಟಿನ ಕೆಳಗಿನ ಕ್ಯಾಟಲಾಗು ಹೊರಬಂತು. ಅದರಲ್ಲಿ ಅಂಥ ಕೊಳವೆಗಳಿಗೆಂದೇ ಎರಡು ಪುಟವಿತ್ತು, ಮೂರು ಚಿತ್ರಗಳಿದ್ದವು. ಕೆಳಗೆ ಬರೆದಿದ್ದನ್ನು ಓದಲು ಇಂಗ್ಲಿಷ್ ಬೇಕಾಗಿದ್ದರಿಂದ ಮಿಡ್ಲ್ ಸ್ಕೂಲಿನ ರಘುಪತಿ ಮಾಸ್ತರರಿಗೆ ಹೇಳಿಕಳಿಸಿದರು. ಮಾಸ್ತರರು ನಿಘಂಟಿನೊಂದಿಗೆ ಬಂದರು. ಊರಿನಲ್ಲಿ ಇಂಗ್ಲಿಷಿನ ವಿಷಯದಲ್ಲಿ ಅವರ ಮಾತೇ ಕೊನೆಯದು. ಅವರಿಗಿದ್ದ ಗುಣವೂ ಅದೇ, ದೋಷವೂ ಅದೇ: ಯಾವ ಶಬ್ದದ ಅರ್ಥ ಕೇಳಿದರೋ ಆ ಶಬ್ದದ ಅರ್ಥ ಹೇಳುವರು. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಪುಟದ ಮೇಲೆ ದಪ್ಪಕ್ಷರದಲ್ಲಿದ್ದ 'ಎಗ್ಸಾಸ್ಟ್ ಮ್ಯಾನಿಫೋಲ್ಡ್' ಎಂಬುದನ್ನು ಅವರು ಮೊದಲು ಕೈಗೆತ್ತಿಕೊಂಡರು. ಎಗ್ಸಾಸ್ಟ್ ಎಂದರೆ ದಣಿವು. ಮ್ಯಾನಿಫೋಲ್ಡ್ ಎಂದರೆ ಹಲವು ಪಟ್ಟು. ಎರಡೂ ಸೇರಿ ಹಲವು ಪಟ್ಟು ದಣಿವು.

ಮರುಳಸಿದ್ದಪ್ಪನವರು ದಿಗಿಲುಬಿದ್ದರು. ಕಾರಿಗೆ ಈಗಾಗಲೇ ಇರುವ ದಣಿವೇ ಸಾಲದೆ ಬೊಂಬಾಯಿಯಿಂದ ತರಿಸಬೇಕೆ ಎಂದು ಕೇಳಿದರು. ಮಾಸ್ತರರು ನಿಘಂಟನ್ನು ತಿರುಗಿಸಿ ಅವರ ಮುಂದೆ ಹಿಡಿದರು. ಬೂತಪ್ಪ ಮಾತ್ರ, ಹೆಸರು ಹಾಳಾಗಲಿ, ಚಿತ್ರ ನೋಡಿ ಸಾವ್ಕಾರ್ರೆ ಎಂದ.

ಮೂರರಲ್ಲಿ ಒಂದನೆಯದು ಈಗಿರುವಂಥದೇ. ಎರಡನೆಯದು ಅದಕ್ಕಿಂತ ಅಗಲವಾದದ್ದು. ಅದರ ಹೆಸರನ್ನು ಮಾಸ್ತರರು 'ಮೌನ ಯಾತ್ರಿಕ' ಎಂದು ಭಾಷಾಂತರಿಸಿದರು. ಮೂರನೆಯದು ಬೇರೆಯೇ ಜಾತಿ. ನಾಲ್ಕು ಸಿಲಿಂಡರಿಗೆ ನಾಲ್ಕು ಬೇರೆ ಬೇರೆ ಕೊಳವೆಗಳು ಹೊರಟು, ಬಾಗಿ ಬಳುಕಿ, ದೂರ ಹೋಗಿ ಒಂದಾಗುತ್ತಿದ್ದವು. ಅದರ ಹೆಸರು 'ಹೈ ಪರ್ಫಾರ್ಮೆನ್ಸ್'. ಪಕ್ಕದಲ್ಲಿ ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಒಂದು ಕಾರು, ಕಾರಿನಲ್ಲಿ ಕೊರಳಿನ ಬಟ್ಟೆ ಗಾಳಿಗೆ ಹಾರುತ್ತಿರುವ ಒಬ್ಬ ಸಾಹೇಬನ ಚಿತ್ರವಿತ್ತು.

ಇಂಥ ವಸ್ತುವನ್ನು ಆರಿಸುವುದು ಹೇಗೆಂದು ಮರುಳಸಿದ್ದಪ್ಪನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಜವಳಿ ಆರಿಸುವುದು. ಅವರು ಕ್ಯಾಟಲಾಗಿನ ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟುಕೊಂಡು ಉಜ್ಜಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಅಂಗಡಿಯ ಗಜಕಡ್ಡಿ ತಂದು ಎಂಜಿನ್ನಿನ ಪಕ್ಕವನ್ನು ಅಳೆದು, ಮುಕ್ಕಾಲು ಗಜಕ್ಕೆ ಎರಡು ಬೆರಳು ಕಡಿಮೆ ಎಂದು ಬರೆಸಿದರು. ಗಜದ ಲೆಕ್ಕ ಸಾಲದು, ಬೋಲ್ಟು ಕೂರುವ ತೂತುಗಳು ಒಂದಕ್ಕೊಂದು ಹೊಂದಬೇಕು, ಕೊಳವೆ ಇಳಿಯುವ ದಾರಿಯಲ್ಲಿ ಬೇರೇನೂ ಅಡ್ಡ ಬರಬಾರದು ಎಂದು ಬೂತಪ್ಪ ಹೇಳಿದ. ಎರಡನೆಯದೇ ಸಾಕು, ಅದು ಕಣ್ಣು ಮುಚ್ಚಿಕೊಂಡು ಕೂರುತ್ತದೆ ಎಂದೂ ಹೇಳಿದ. ವಾರವಿಡೀ ಕ್ಯಾಟಲಾಗು ಅಂಗಡಿಯ ಗದ್ದುಗೆಯ ಮೇಲೆಯೇ ಇತ್ತು. ಸೀರೆ ಕೊಳ್ಳಲು ಬಂದ ಹೆಂಗಸರೂ ಪರ್ಫಾರ್ಮೆನ್ಸನ್ನು ನೋಡಿ ಹೋದರು. ಅದು ಯಾವುದೋ ಹೊಸ ಒಡವೆ ಎಂದುಕೊಂಡರು.

ಕೊನೆಗೆ ಮರುಳಸಿದ್ದಪ್ಪನವರು ಮೂರನೆಯದನ್ನೇ ಆರಿಸಿದರು. ಮೌನವಾಗಿ ಏರು ಹತ್ತಿದರೆ ಹತ್ತಿದ್ದು ಯಾರಿಗೆ ಗೊತ್ತಾಗಬೇಕು ಎಂಬುದು ಅವರ ವಾದ. ಮಾಸ್ತರರು ಒಂದು ಹೈ ಪರ್ಫಾರ್ಮೆನ್ಸನ್ನು ಜಾಗ್ರತೆಯಾಗಿ ಕಳಿಸಿಕೊಡಬೇಕೆಂದು ಬೊಂಬಾಯಿಯ ಕಂಪನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದರು. ಬೂತಪ್ಪ ಹಳೆಯ ಕೊಳವೆಯನ್ನು ಬಿಚ್ಚಿ, ಅದನ್ನು ಮನೆಯ ಹಿತ್ತಿಲಲ್ಲಿಟ್ಟು, ಹೊಸದು ಬರುವ ತನಕ ಕೆಲಸವಿಲ್ಲವೆಂದು ಕಮ್ಮರಡಿಯ ತನ್ನ ಮನೆಗೆ ಹೋದ. ಮರುಳಸಿದ್ದಪ್ಪನವರು ಧೋತ್ರದ ಗಂಟು ಕಟ್ಟಿಕೊಂಡು, ಶೃಂಗೇರಿಯ ಅಂಗಡಿಗಳಿಗೆ ಕೊಟ್ಟುಬರಲು ನಾಲ್ಕು ದಿನದ ಮಟ್ಟಿಗೆ ಹೊರಟರು. ಬಸ್ಸಿನಲ್ಲೇ ಹೊರಟರು.

ಅವರು ಅತ್ತ ಹೋದ ಮಾರನೆಯ ದಿನ ಇತ್ತ ತಂತಿ ಬಂತು.

ಪೋಸ್ಟ್ ಮಾಸ್ಟರು ಹೊಸಬರು, ನಾಟಕದ ಹುಚ್ಚಿನವರು. ಹೈ ಪರ್ಫಾರ್ಮೆನ್ಸ್, ನಾಲ್ಕರ ಸೆಟ್ಟು, ಗುರುವಾರದ ರೈಲಿಗೆ ತಲುಪುತ್ತದೆ, ಎಚ್ಚರಿಕೆಯಿಂದ ಇಳಿಸಿಕೊಳ್ಳಿ ಎಂದು ತಂತಿಯಲ್ಲಿತ್ತು. ಅವರಿಗೆ ಪರ್ಫಾರ್ಮೆನ್ಸ್ ಎಂಬ ಶಬ್ದ ನಾಟಕದ ಕರಪತ್ರಗಳಿಂದಲೇ ಪರಿಚಯ. ಆದರೂ ಜವಾಬ್ದಾರಿಯ ಮನುಷ್ಯ. ಖಚಿತ ಮಾಡಿಕೊಳ್ಳಲೆಂದು ಸ್ಕೂಲಿಗೆ ಹೋಗಿ, ಪರ್ಫಾರ್ಮೆನ್ಸ್ ಎಂದರೇನು ಎಂದು ರಘುಪತಿ ಮಾಸ್ತರರನ್ನು ಕೇಳಿದರು. ಮಾಸ್ತರರು ನಾಟಕ ಮೊದಲಾದವುಗಳ ಪ್ರದರ್ಶನ ಎಂದರು. ಯಾರ ಪರ್ಫಾರ್ಮೆನ್ಸ್ ಎಂದು ಪೋಸ್ಟ್ ಮಾಸ್ಟರು ಹೇಳಲಿಲ್ಲ, ಇವರು ಕೇಳಲಿಲ್ಲ.

ತಂತಿ ಮರುಳಸಿದ್ದಪ್ಪನವರ ಮನೆ ತಲುಪುವ ಹೊತ್ತಿಗೆ ಪೇಟೆಬೀದಿಯ ಅರ್ಧ ಜನಕ್ಕೆ ವಿಷಯ ಗೊತ್ತಿತ್ತು. ಅವರ ಹೆಂಡತಿ ನೀಲಾಂಬಿಕೆಯವರು ಬಾಗಿಲಲ್ಲಿ ನಿಂತು ಪೋಸ್ಟ್ ಮಾಸ್ಟರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಬೊಂಬಾಯಿಯ ಉನ್ನತ ದರ್ಜೆಯ ನಾಟಕದವರು. ನಾಲ್ವರು. ಗುರುವಾರ. ಎಚ್ಚರಿಕೆಯಿಂದ ಇಳಿಸಿಕೊಳ್ಳಬೇಕೆಂದರೆ ಹೆಂಗಸರೇ ಇರಬೇಕು. ನೀಲಾಂಬಿಕೆಯವರು ಒಳಗೆ ಹೋಗಿ, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲನ್ನು ಉಕ್ಕಲು ಬಿಟ್ಟು, ಅದರ ಮುಂದೆಯೇ ಕುಳಿತರು. ಆಮೇಲೆ ಬಾಳೆಹೊನ್ನೂರಿನ ಅಕ್ಕ ಕಲ್ಲಮ್ಮನಿಗೆ ಹೇಳಿಕಳಿಸಿದರು.

ಕಲ್ಲಮ್ಮ ಮುಂದಿನ ಬಸ್ಸಿಗೇ ಹಾಸಿಗೆ ಸುತ್ತಿಕೊಂಡು ಬಂದರು. ಗಂಡಸರ ವಿಷಯದಲ್ಲಿ ಕಲ್ಲಮ್ಮನಿಗೆ ಯಾವತ್ತೂ ಹೆಚ್ಚಿನ ನಿರೀಕ್ಷೆ ಇರಲಿಲ್ಲವಾದರೂ ಇದು ಅವರನ್ನೂ ಮೀರಿದ ಸಂಗತಿಯಾಗಿತ್ತು. ಒಬ್ಬಳಾಗಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು, ನಾಲ್ಕು ಎಂದರೆ ಏನು ಎಂದು ಅವರು ಎರಡು ದಿನ ಬಂದವರನ್ನೆಲ್ಲ ಕೇಳಿದರು. ಬಂದವರು ಕಾಫಿ ಕುಡಿದು ಹೋದರು. ಸರ್ವಮಂಗಳಾ ಒಬ್ಬಳು ಮಾತ್ರ, ಅಪ್ಪ ನಾಟಕ ನೋಡಲು ಕುಳಿತರೆ ಮೊದಲ ಅಂಕದಲ್ಲೇ ನಿದ್ದೆ ಹೋಗುತ್ತಾರೆ, ಅವರಿಗೆ ಇದೆಲ್ಲ ಎಲ್ಲಿಯದು ಎಂದಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಹೀಗಿದ್ದರೆ ಊರಿನಲ್ಲಿ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಅಕ್ಕಿ ಗಿರಣಿಯವರು ತಮ್ಮ ಖಾಲಿ ಷೆಡ್ಡನ್ನು ಬಿಟ್ಟುಕೊಟ್ಟರು. ಅದಕ್ಕೆ ಚಪ್ಪರ ಬಿತ್ತು, ಬೆಂಚುಗಳು ಬಂದವು. ಪೊಲೀಸ್ ದಫೇದಾರರು ನಾಟಕಕ್ಕೆ ಲೈಸೆನ್ಸು ಬೇಕೆಂದರು. ಅಮಲ್ದಾರರು ಲೈಸೆನ್ಸನ್ನು ತಾವೇ ಬರೆದುಕೊಟ್ಟು, ತಮಗೆ ಮುಂದಿನ ಸಾಲಿನ ಕುರ್ಚಿ ಸಾಕು ಎಂದರು. ಗುರುವಾರ ಹಳ್ಳಿಗಳ ಮೇಲೆ ಹೋಗಬೇಕಾಗಿದ್ದ ಸರ್ಕೀಟನ್ನು ಮುಂದಕ್ಕೆ ಹಾಕಿದರು. ಮರುಳಸಿದ್ದಪ್ಪನವರು ಇಂಥ ರಸಿಕರೆಂದು ಯಾರಿಗೂ ತಿಳಿದಿರಲಿಲ್ಲ. ಅವರ ಅಂಗಡಿಯ ಎದುರಿನ ಅಂಗಡಿಯವನಂತೂ, ನನಗೆ ಮೊದಲಿಂದಲೂ ಅನುಮಾನವಿತ್ತು ಎಂದ.

ಸುದ್ದಿ ಬಸ್ಸು ಹತ್ತಿ ಕೊಪ್ಪಕ್ಕೂ ಹೋಯಿತು. ಪರಮೇಶ್ವರಪ್ಪನವರು ಮಂಡಿಯಲ್ಲಿ ಅಡಿಕೆ ನೋಡುತ್ತಿದ್ದವರು ಬಾಯಿಗೆ ಹಾಕಿಕೊಂಡಿದ್ದ ಹೋಳನ್ನು ಹಾಗೇ ನುಂಗಿದರು. ಕಾರು ತಳ್ಳಿದ್ದನ್ನು ಅವರು ಹೇಗೋ ಮರೆಯಲು ಸಿದ್ಧರಿದ್ದರು. ಆದರೆ ಬೀಗನೊಬ್ಬ ನಾಟಕದವರನ್ನು ರೈಲಿನಲ್ಲಿ ತರಿಸಿಕೊಳ್ಳುವವನಾದರೆ ಯೋಚಿಸಬೇಕಾಗುತ್ತದೆ. ಕಣ್ಣಾರೆ ಕಾಣದೆ ಸಂಬಂಧ ಮುರಿಯುವ ಮನುಷ್ಯರಲ್ಲ ಅವರು. ಗುರುವಾರ ಬೆಳಿಗ್ಗೆ ನರಸಿಂಹರಾಜಪುರದ ಬಸ್ಸು ಹತ್ತಿದರು.

ಅದೇ ಗುರುವಾರ ಮಧ್ಯಾಹ್ನ ಮರುಳಸಿದ್ದಪ್ಪನವರು ಶೃಂಗೇರಿಯಿಂದ ಹಿಂತಿರುಗಿದರು. ಸಾಮಾನು ಬಂದಿದೆಯೋ ಏನೋ ಎಂದು ಮನೆಗೂ ಹೋಗದೆ ನೇರವಾಗಿ ಸ್ಟೇಷನ್ನಿಗೆ ನಡೆದರು.

ಸ್ಟೇಷನ್ನಿನಲ್ಲಿ ಊರಿಗೆ ಊರೇ ನಿಂತಿತ್ತು. ವಾದ್ಯದವರಿದ್ದರು, ಹೂವಿನ ಹಾರಗಳಿದ್ದವು, ಅಮಲ್ದಾರರು ಕುರ್ಚಿಯಲ್ಲಿದ್ದರು. ಇವರನ್ನು ಕಂಡದ್ದೇ ವಾದ್ಯ ಮೊಳಗಿತು. ಗಿರಣಿಯವರು ಓಡಿಬಂದು ಹಾರ ಹಾಕಿದರು. ಪೋಸ್ಟ್ ಮಾಸ್ಟರು ಕೈಕುಲುಕಿ, ತಂತಿ ಬಂದಿದೆ, ಪರ್ಫಾರ್ಮೆನ್ಸ್ ಇನ್ನು ಅರ್ಧ ಗಂಟೆಯಲ್ಲಿ ಇಲ್ಲಿರುತ್ತದೆ, ನೀವು ಊರಿಗೆ ಮಾಡಿದ ಉಪಕಾರ ದೊಡ್ಡದು ಎಂದರು. ಮರುಳಸಿದ್ದಪ್ಪನವರ ಕಣ್ಣಿನಲ್ಲಿ ನೀರು ಬಂತು. ತಮ್ಮ ಕಾರು ಏರು ಹತ್ತಬೇಕೆಂಬ ಆಸೆ ಊರಿನವರಿಗೆ ಇಷ್ಟೊಂದು ಇದ್ದೀತೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಗುಂಪಿನ ಒಂದು ಕಡೆ ಹೆಂಡತಿಯೂ ಕಲ್ಲಮ್ಮನೂ ನಿಂತಿದ್ದರು, ಇನ್ನೊಂದು ಕಡೆ ಪರಮೇಶ್ವರಪ್ಪನವರು. ಬೀಗರೂ ಬಂದಿದ್ದಾರೆಂದು ಅವರಿಗೆ ಇನ್ನಷ್ಟು ಸಂತೋಷವಾಯಿತು. ಎರಡು ಮಾತು ಆಡಿ ಎಂದು ಅಮಲ್ದಾರರು ಹೇಳಿದಾಗ ಅವರು ಹಿಂಜರಿಯಲಿಲ್ಲ.

"ಮಹಾಜನಗಳೇ, ನಿಮ್ಮ ವಿಶ್ವಾಸ ನೋಡಿ ನಂಗೆ ಮಾತೇ ಹೊರಡ್ತಿಲ್ಲ. ಬೊಂಬಾಯಿಯಿಂದ ಬರ್ತಾ ಇರೋ ನಾಲ್ಕೂ ಒಂದಕ್ಕಿಂತ ಒಂದು ಚೆಂದ. ಹೆಂಗೆ ಬಾಗಿ ಬಳುಕ್ತಾವೆ ಅಂತ ಚಿತ್ರದಲ್ಲೇ ನೋಡಿದೀನಿ. ಈ ವಯಸ್ಸಲ್ಲಿ ಇವನಿಗೆ ಇದೆಲ್ಲ ಯಾಕೆ ಅಂತ ಕೆಲವರು ಕೇಳಬಹುದು. ಹಳೇದು ಒಂದು ಮನೇಲಿ ಇದೆ, ಇಲ್ಲ ಅಂತಲ್ಲ. ಇಷ್ಟು ವರ್ಷ ಅದರಲ್ಲೇ ಕಾಲ ಹಾಕಿದ್ದಾಯ್ತು. ಆದರೆ ಅದರ ಕತೆ ಮುಗೀತು ಮಾರಾಯ್ರೆ. ಬರೀ ಹೊಗೆ, ಬರೀ ಗೊರಗೊರ ಸದ್ದು. ಅದಕ್ಕೇ ಅದನ್ನ ಹಿತ್ತಿಲಿಗೆ ಹಾಕಿದೀನಿ."

ಜನರೆಲ್ಲ ನೀಲಾಂಬಿಕೆಯವರ ಕಡೆ ನೋಡಿದರು. ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಪರಮೇಶ್ವರಪ್ಪನವರು ಹತ್ತಿರದ ಕಂಬ ಹಿಡಿದುಕೊಂಡರು. ಕಲ್ಲಮ್ಮನಿಗೆ ಆದ ಆಘಾತದಲ್ಲಿ, ಆ ಹೆಣ್ಣುಮಕ್ಕಳನ್ನು ದನಗಳಂತೆ 'ಅವು, ಇವು' ಎಂದು ಕರೆಯುತ್ತಿದ್ದಾನಲ್ಲ ಎಂಬುದೂ ಒಂದು ಪಾಲು. ನೀಲಾಂಬಿಕೆಯವರು ಮಾತ್ರ ಗಂಡನನ್ನೇ ನೋಡುತ್ತ ನಿಂತಿದ್ದರು. ಇಪ್ಪತ್ತೆರಡು ವರ್ಷ ಅಡಿಗೆ ಮಾಡಿ ಹಾಕಿದ ಮನುಷ್ಯ ಇವನೇ ಹೌದೋ ಅಲ್ಲವೋ ಎಂದು ಗುರುತು ಹಿಡಿಯುವವರಂತೆ ಅವರ ಮುಖವಿತ್ತು.

ಅಷ್ಟರಲ್ಲಿ ರೈಲು ಬಂತು.

ಇಳಿದವರು ಐದು ಜನ. ಶೃಂಗೇರಿಗೆ ಹೊರಟ ಯಾತ್ರಿಕ ದಂಪತಿಗಳು, ನಾಟಾ ಡಿಪೋದ ಒಬ್ಬ ಗುಮಾಸ್ತ, ಎರಡು ಕುರಿಗಳೊಂದಿಗೆ ಇಬ್ಬರು. ಪೋಸ್ಟ್ ಮಾಸ್ಟರು ಡಬ್ಬಿಯ ಒಳಗೆಲ್ಲ ಇಣುಕಿ ಬಂದರು. ಬೊಂಬಾಯಿಯವರಂತೆ ಕಾಣುವವರು ಯಾರೂ ಇರಲಿಲ್ಲ. ಕೊನೆಗೆ ಹಿಂದಿನ ಸಾಮಾನು ಡಬ್ಬಿಯಿಂದ ಗಾರ್ಡೂ ಇಬ್ಬರು ಕೂಲಿಗಳೂ ಸೇರಿ, ಮೊಳೆ ಹೊಡೆದ ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ಇಳಿಸಿದರು. ಮರುಳಸಿದ್ದಪ್ಪನವರು ಧಾವಿಸಿ ಹೋಗಿ ಅದರ ಮೇಲೆ ಕೈಯಿಟ್ಟರು.

ಆ ನಾಲ್ವರು ಎಲ್ಲಿ ಎಂದು ಅಮಲ್ದಾರರು ಕೇಳಿದರು.

"ಇದರೊಳಗೇ ಸ್ವಾಮಿ," ಎಂದರು ಮರುಳಸಿದ್ದಪ್ಪನವರು.

ಗುಂಪು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯಿತು. ಪೆಟ್ಟಿಗೆ ಒಂದು ಆಳುದ್ದ, ಒಂದು ಮೊಳ ಅಗಲ. ಅದರೊಳಗೆ ನಾಲ್ವರನ್ನು ಹೇಗೆ ತುಂಬಿದರೆಂದು ಯಾರ ತಲೆಗೂ ಹೊಳೆಯಲಿಲ್ಲ. ತುಂಬಿದ ಮೇಲೆ ಅವರ ಗತಿ ಏನಾಯಿತೆಂಬುದು ಎಲ್ಲರಿಗೂ ಹೊಳೆಯಿತು. ಯಾತ್ರಿಕ ದಂಪತಿಗಳು ನಿಂತು ಕೈಮುಗಿದರು. ದಫೇದಾರರು ಮುಖ ಬಿಳುಚಿಕೊಂಡು ಮುಂದೆ ಬಂದು, ಪೆಟ್ಟಿಗೆಯನ್ನು ತಮ್ಮ ಎದುರಿಗೇ ಒಡೆಯಬೇಕೆಂದು ಅಪ್ಪಣೆ ಮಾಡಿದರು. ಹುಲ್ಲು ಬಂತು, ಹುಲ್ಲಿನ ಕೆಳಗೆ ಎಣ್ಣೆ ಕಾಗದ ಬಂತು. ಕಾಗದದೊಳಗಿಂದ ಹಾವಿನಂತೆ ಬಳುಕಿದ ಕಪ್ಪು ಕಬ್ಬಿಣದ ಕೊಳವೆಯೊಂದನ್ನು ಮರುಳಸಿದ್ದಪ್ಪನವರು ಎರಡು ಕೈಯಲ್ಲಿ ಎತ್ತಿ, ಊರಿಗೆಲ್ಲ ಕಾಣುವಂತೆ ಹಿಡಿದರು.

ಒಂದು ಕುರಿ ಮಾತ್ರ ಕೂಗಿತು.

ಆಮೇಲೆ ವಿಷಯ ಬಿಚ್ಚಿಕೊಳ್ಳಲು ಹೊತ್ತು ಬೇಕಾಗಲಿಲ್ಲ. ಗುಂಪಿನಲ್ಲಿದ್ದ ರಘುಪತಿ ಮಾಸ್ತರರನ್ನು ಎಲ್ಲರೂ ಸುತ್ತಿಕೊಂಡರು. ಇದು ಕಾರಿನ ಸಾಮಾನು ಎಂದು ನಿಮಗೆ ಗೊತ್ತಿತ್ತೇ ಎಂದು ಅಮಲ್ದಾರರು ಕೇಳಿದಾಗ ಗೊತ್ತಿತ್ತು ಎಂದರು. ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲ ಎಂದರು. ಗಿರಣಿಯವರು ಹಾರವನ್ನು ವಾಪಸು ತೆಗೆದುಕೊಂಡರು. ಹಿತ್ತಿಲಿಗೆ ಹಾಕಿದ್ದು ಯಾವುದನ್ನು ಎಂದು ತಿಳಿದ ಮೇಲೆ ನೀಲಾಂಬಿಕೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಎಂದು ಕಲ್ಲಮ್ಮನಿಗೂ ತಿಳಿಯಲಿಲ್ಲ. ಮರುಳಸಿದ್ದಪ್ಪನವರಿಗೆ ಇಡೀ ಕತೆ ತಿಳಿದದ್ದು ಎಲ್ಲರಿಗಿಂತ ಕೊನೆಗೆ. ತಿಳಿದಾಗ ಅವರು ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟರು. ತಾವು ಆಡಿದ ಭಾಷಣವನ್ನು ಮನಸ್ಸಿನಲ್ಲಿ ಒಂದು ಸಲ ಮೊದಲಿನಿಂದ ಹೇಳಿಕೊಂಡಿರಬೇಕು. ಮುಖದ ಬಣ್ಣ ಸಾಲು ಸಾಲಿಗೂ ಬದಲಾಯಿತು.

ಪರಮೇಶ್ವರಪ್ಪನವರು ಕಂಬ ಬಿಟ್ಟು ಹತ್ತಿರ ಬಂದರು.

"ನಾನು ಆವತ್ತು ಕಾರು ತಳ್ಳಿದ್ದಕ್ಕೆ ಇಷ್ಟೆಲ್ಲ ಮಾಡಿದ್ರಾ?"

ಮರುಳಸಿದ್ದಪ್ಪನವರು ತಲೆಯಾಡಿಸಿದರು. ಪರಮೇಶ್ವರಪ್ಪನವರು ಸ್ವಲ್ಪ ಯೋಚಿಸಿ, ಹಾಗಾದರೆ ಇದನ್ನು ಹಾಕಿ, ನನ್ನನ್ನು ಅದೇ ಏರಿನಲ್ಲಿ ಕೊಪ್ಪಕ್ಕೆ ಬಿಡಿ, ಸಂಬಂಧದ ಮಾತನ್ನು ಅಲ್ಲಿ ಆಡೋಣ ಎಂದರು. ಕೆಲಸ ಮುಗಿಯುವ ತನಕ ಊರಿನಲ್ಲೇ ನಿಂತರು. ಅಮಲ್ದಾರರು ತಾವು ಬರೆದ ಲೈಸೆನ್ಸು ದಂಡವಾಗಬಾರದೆಂದು, ಜೋಡಿಸಿದ್ದನ್ನು ಗಿರಣಿಯ ಚಪ್ಪರದಲ್ಲೇ ಎಲ್ಲರಿಗೂ ತೋರಿಸಬೇಕೆಂದು ಆಜ್ಞೆ ಮಾಡಿದರು.

ಬೂತಪ್ಪನಿಗೆ ಹೇಳಿಕಳಿಸಿದರು. ಅವನು ಶುಕ್ರವಾರ ಬೆಳಿಗ್ಗೆ ಬಂದು ಕೊಳವೆಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ತೂತುಗಳೆಲ್ಲ ಹೊಂದಿದವು. ಮೊದಲ ಮೂರು ಕೊಳವೆಗಳು ಕೂತವು. ನಾಲ್ಕನೆಯದನ್ನು ಹಿಡಿದುಕೊಂಡು ಅವನು ಬಹಳ ಹೊತ್ತು ನಿಂತ. ಆಮೇಲೆ ಕ್ಯಾಟಲಾಗು ತರಿಸಿ, ಗುಡ್ಡದ ಮೇಲಿನ ಸಾಹೇಬನ ಚಿತ್ರದ ಮೇಲೆ ಬೆರಳಿಟ್ಟ. ಆ ಸಾಹೇಬ ಎಡಗಡೆ ಕುಳಿತು ಕಾರು ಓಡಿಸುತ್ತಿದ್ದ. ಅವನ ಸ್ಟಿಯರಿಂಗು ಎಡಕ್ಕೆ, ನಮ್ಮದು ಬಲಕ್ಕೆ. ನಾಲ್ಕನೆಯ ಕೊಳವೆ ಇಳಿಯಬೇಕಾದ ಜಾಗದಲ್ಲಿ ಸರಿಯಾಗಿ ನಮ್ಮ ಸ್ಟಿಯರಿಂಗಿನ ಕಂಬಿ ನಿಂತಿತ್ತು.

ಎರಡನೆಯದನ್ನೇ ತರಿಸಿ ಎಂದು ತಾನು ಹೇಳಿದ್ದೆ ಎಂಬುದನ್ನು ಬೂತಪ್ಪ ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನೆ ನೋಡಿದ. ಮರುಳಸಿದ್ದಪ್ಪನವರು ಏನಾದರೂ ಮಾಡು ಮಾರಾಯ, ನನ್ನ ಮಗಳ ಜೀವನ ಎಂದರು. ಬೂತಪ್ಪ ಕಮ್ಮಾರಸಾಲೆಗೆ ಹೋಗಿ ನಾಲ್ಕನೆಯದನ್ನು ಅರ್ಧಕ್ಕೆ ಕತ್ತರಿಸಿದ. ಅದು ಇಳಿಯಬೇಕಾಗಿದ್ದ ಕೆಳಗಿನ ತೂತಿಗೆ ಬಿರಡೆ ಬಡಿದ. ಬಾನೆಟ್ಟಿನ ಪಕ್ಕದ ತಗಡನ್ನು ಕೊಯ್ದು ಕೊಳವೆಯ ಮೊಂಡು ತುದಿಯನ್ನು ಹೊರಕ್ಕೆ ಬಿಟ್ಟ. ಮೂವರ ಹೊಗೆ ಹಿಂದಕ್ಕೆ, ಒಬ್ಬನದು ಪಕ್ಕಕ್ಕೆ. ಬೇರೆ ದಾರಿಯಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾರನ್ನು ತಳ್ಳಿ ತಂದು ಚಪ್ಪರದೊಳಗೆ ನಿಲ್ಲಿಸಿದರು. ನಾಟಕವಿಲ್ಲವೆಂದು ಗೊತ್ತಿದ್ದರೂ ಬೆಂಚುಗಳೆಲ್ಲ ತುಂಬಿದ್ದವು. ಮುಂದಿನ ಸಾಲಿನ ಕುರ್ಚಿಯಲ್ಲಿ ಅಮಲ್ದಾರರು. ಬೂತಪ್ಪ ಹ್ಯಾಂಡಲು ಹಾಕಿ ತಿರುಗಿಸಿದ.

ಆ ಸದ್ದನ್ನು ವರ್ಣಿಸಲು ನರಸಿಂಹರಾಜಪುರದವರು ಮುಂದೆ ವರ್ಷಗಟ್ಟಲೆ ಪ್ರಯತ್ನಪಟ್ಟರು, ಆಗಲಿಲ್ಲ. ತಗಡಿನ ಷೆಡ್ಡು ಮೊದಲ ಸದ್ದಿಗೇ ಇನ್ನೊಂದು ಸದ್ದನ್ನು ಸೇರಿಸಿ ವಾಪಸು ಕಳಿಸಿತು. ನಾಲ್ಕನೆಯ ಕೊಳವೆಯಿಂದ ಒಂದು ಮೊಳ ಉದ್ದದ ಬೆಂಕಿ ಹೊರಬಂದು ಒಳಗೆ ಹೋಯಿತು. ಬೆಂಚಿನವರು ಬೆಂಚಿನ ಕೆಳಗಿದ್ದರು. ದಫೇದಾರರು ಚಪ್ಪರದ ಹೊರಗೆ, ಯಾರನ್ನೋ ಹಿಡಿಯಲು ಓಡುವವರಂತೆ ಓಡುತ್ತಿದ್ದರು. ಅಮಲ್ದಾರರು ಕುರ್ಚಿಯಲ್ಲೇ ಇದ್ದರು, ಕುರ್ಚಿ ಮಾತ್ರ ಮಲಗಿತ್ತು. ಬೂತಪ್ಪ ಎಂಜಿನ್ನಿಗೆ ಕಿವಿಗೊಟ್ಟು, ಜೀವಮಾನದಲ್ಲಿ ಮೊದಲ ಸಲ ತೃಪ್ತಿಯಾದವನಂತೆ ತಲೆಯಾಡಿಸುತ್ತಿದ್ದ.

ಕಾರು ಕೊಪ್ಪಕ್ಕೆ ಹೊರಟಿತು. ಬೂತಪ್ಪನ ಪಕ್ಕದಲ್ಲಿ ಮರುಳಸಿದ್ದಪ್ಪನವರು, ಹಿಂದಿನ ಸೀಟಿನಲ್ಲಿ ಬಲಗಡೆ ಪರಮೇಶ್ವರಪ್ಪನವರು, ಎಡಗಡೆ ಕಲ್ಲಮ್ಮ. ಸಂಬಂಧದ ಮಾತು ನಡೆಯುವಲ್ಲಿ ತಮ್ಮ ಕಡೆಯ ಬುದ್ಧಿಯಿರುವವರು ಒಬ್ಬರಾದರೂ ಇರಲಿ ಎಂದು ಕಲ್ಲಮ್ಮ ಯಾರನ್ನೂ ಕೇಳದೆ ಹತ್ತಿ ಕುಳಿತಿದ್ದರು. ತಲೆಗೂ ಕಿವಿಗೂ ಉಣ್ಣೆಯ ಶಾಲನ್ನು ಎರಡು ಸುತ್ತು ಸುತ್ತಿಕೊಂಡಿದ್ದರು. ಪರಮೇಶ್ವರಪ್ಪನವರಿಗೆ ತಾವು ಸರಿಯಾಗಿ ನಾಲ್ಕನೆಯ ಕೊಳವೆಯ ನೇರಕ್ಕೆ ಕುಳಿತಿದ್ದೇವೆಂದು ತಿಳಿಯುವಷ್ಟರಲ್ಲಿ ಊರು ದಾಟಿತ್ತು.

ದಾರಿಯುದ್ದಕ್ಕೂ ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ನಿಂತರು. ಎತ್ತಿನ ಗಾಡಿಯೊಂದು ತಾನಾಗಿಯೇ ಹಿಂದಕ್ಕೆ ತಿರುಗಿ ಬಂದ ಕಡೆಗೇ ಹೋಯಿತು. ಎದುರಿನಿಂದ ಬಂದ ಕೊಪ್ಪದ ಬಸ್ಸು ಪಕ್ಕಕ್ಕೆ ನಿಂತು, ಅದರ ಜನವೆಲ್ಲ ಇಳಿದು ಮರಗಳ ಹಿಂದೆ ನಿಂತರು. ದೊಡ್ಡ ಏರು ಬಂತು. ಕಾರು ಕೆಮ್ಮಲಿಲ್ಲ, ನಡುಗಲಿಲ್ಲ. ಬೂತಪ್ಪ ಕಾಲನ್ನು ಇನ್ನಷ್ಟು ಒತ್ತಿದ. ಏರಿನ ನಡುವೆ, ಹಿಂದೆ ತಳ್ಳಲು ಶುರುಮಾಡಿದ ಜಾಗದಲ್ಲೇ, ಪಕ್ಕದ ಕೊಳವೆಯಿಂದ ಬೆಂಕಿಯ ನಾಲಿಗೆಯೂ ಒಂದು ಬುಟ್ಟಿಯಷ್ಟು ಮಸಿಯೂ ಒಟ್ಟಿಗೆ ಬಂದವು. ಪರಮೇಶ್ವರಪ್ಪನವರು ಎದ್ದು ನಿಂತು, ಎರಡು ಕೈಯನ್ನೂ ಎತ್ತಿ, ಇದ್ದ ಧ್ವನಿಯನ್ನೆಲ್ಲ ಸೇರಿಸಿ ಕೂಗಿದರು.

"ಬೇಡ! ಈ ಸಂಬಂಧ ಬೇಡ!"

ಮುಂದಿನ ಸೀಟಿನಿಂದ ತಿರುಗಿ ನೋಡಿದ ಮರುಳಸಿದ್ದಪ್ಪನವರಿಗೆ, ಭಾವೀ ಬೀಗರು ಕೈಯೆತ್ತಿ ಆನಂದದಿಂದ ನಿಂತದ್ದು ಕಂಡಿತು. ಮಾತೂ ಅಷ್ಟಿಷ್ಟು ಕೇಳಿತು. ಈ ಸಂಬಂಧ ಬೇಗ. ಬೇಗ ಆಗಲಿ. ಅವರು ಎರಡೂ ಕೈ ಜೋಡಿಸಿ ತಲೆಗೆ ಮುಟ್ಟಿಸಿಕೊಂಡರು.

ಕೊಪ್ಪದ ಪೇಟೆಯಲ್ಲಿ ಕಾರು ನಿಂತಾಗ ಅಲ್ಲಿಯ ಜನ ಅಂಗಡಿ ಮುಚ್ಚುತ್ತಿದ್ದರು. ಮರುಳಸಿದ್ದಪ್ಪನವರು ಸೀಟಿನ ಮೇಲೆ ನಿಂತು, ಪರಮೇಶ್ವರಪ್ಪನವರು ಮಾತು ಕೊಟ್ಟರು, ಬೇಗ ಮಾಡೋಣ ಎಂದರು ಎಂದು ಸಾರಿದರು. ಜನ ಸುತ್ತಿಕೊಂಡು ಪರಮೇಶ್ವರಪ್ಪನವರನ್ನು ಹೌದೇ ಎಂದು ಕೇಳಿದರು. ಅವರ ಎರಡು ಕಿವಿಯಲ್ಲೂ ಆಗ ಗುಂಯ್ ಎಂಬುದು ಬಿಟ್ಟು ಬೇರೇನೂ ಇರಲಿಲ್ಲ. ಜೀವಸಹಿತ ಬಂದಿರಾ ಎಂದು ಕೇಳುತ್ತಿದ್ದಾರೆಂದು ತಿಳಿದು, ಮಸಿ ಬಳಿದ ಮುಖವನ್ನು ಮೇಲೆ ಕೆಳಗೆ ಆಡಿಸಿದರು. ಮನೆಯಲ್ಲಿ ಅವರ ಹೆಂಡತಿ ಅದನ್ನೇ ಕೇಳಿದಾಗಲೂ ಆಡಿಸಿದರು. ಆಕೆ ಸಕ್ಕರೆ ಹಂಚಿದರು. ಮಗ ಅಡಿಕೆ ಮಂಡಿಯವರಿಗೆಲ್ಲ ಹೇಳಿ ಬಂದ. ಐನೋರನ್ನು ಕರೆಸಿ ಮುಹೂರ್ತ ನೋಡಿಸಿದ್ದೂ ಆಯಿತು.

ಮೂರನೆಯ ದಿನ ಪರಮೇಶ್ವರಪ್ಪನವರ ಕಿವಿ ತೆರೆಯಿತು. ಮೊದಲು ಕೇಳಿದ್ದು, ಲಗ್ನಪತ್ರಿಕೆಗೆ ಯಾವ ಬಣ್ಣದ ಕಾಗದ ಎಂಬ ಮಾತು. ಅವರು ನೇರವಾಗಿ ಬಾಳೆಹೊನ್ನೂರಿನ ಬಸ್ಸು ಹತ್ತಿ ಕಲ್ಲಮ್ಮನ ಮನೆಗೆ ಬಂದರು. ಆ ದಿನ ಕಾರಿನಲ್ಲಿ ಪಕ್ಕದಲ್ಲಿದ್ದವರು ಆಕೆಯೊಬ್ಬರೇ. ತಾವು ಬೇಡ ಎಂದದ್ದು ಆಕೆಗೆ ಕೇಳಿಸಿರಲೇಬೇಕು, ಅದನ್ನು ನಾಲ್ಕು ಜನರ ಮುಂದೆ ಹೇಳಿದರೆ ಸಾಕು ಎಂದು ಕೇಳಿಕೊಂಡರು.

ಕಲ್ಲಮ್ಮ ಅವರಿಗೆ ಕುಡಿಯಲು ನೀರು ಕೊಟ್ಟರು.

"ನೀವು ಬೇಗ ಅಂತಲೇ ಅಂದ್ರಿ. ಪಕ್ಕದಲ್ಲಿ ಕೂತವಳು, ನಂಗೆ ಕೇಳಲ್ವಾ?"

ಪರಮೇಶ್ವರಪ್ಪನವರು ದಂಗಾದರು. ಹಾಗಾದರೆ ಹಾಗೇ ಇರಬೇಕು ಎಂದು, ನೀರು ಕುಡಿದು, ಮರಳಿ ಬಸ್ಸು ಹತ್ತಿದರು. ಮಾಘಮಾಸದಲ್ಲಿ ಮದುವೆ ನಡೆಯಿತು. ಅಮಲ್ದಾರರು ಬಂದರು, ಪೋಸ್ಟ್ ಮಾಸ್ಟರು ಬಂದರು, ರಘುಪತಿ ಮಾಸ್ತರರೂ ಬಂದರು. ಬೀಗರು ಬರುವಾಗ ಬಸ್ಸಿನಲ್ಲೇ ಬಂದರು.

ಮದುವೆಯ ಊಟದ ಹೊತ್ತಿನಲ್ಲಿ ನೀಲಾಂಬಿಕೆಯವರು ಪಾಯಸದ ಪಾತ್ರೆ ಹಿಡಿದುಕೊಂಡು ಅಕ್ಕನ ಪಕ್ಕದಲ್ಲಿ ನಿಂತು, ಅಂದು ಏರಿನಲ್ಲಿ ಬೀಗರು ನಿಜವಾಗಿ ಏನೆಂದರು ಎಂದು ಮೆಲ್ಲಗೆ ಕೇಳಿದರು.

"ಬೇಡ ಅಂದ್ರು," ಎಂದರು ಕಲ್ಲಮ್ಮ. "ಅರ್ಧ ಏರಲ್ಲಿ ನಂಗೂ ಹಂಗೇ ಅನ್ನಿಸಿತ್ತು. ತುದಿ ಮುಟ್ಟಿದ ಮೇಲೆ ಹಿಂದೆ ತಿರುಗಿ ನೋಡಿದೆ ಕಣೇ. ಅಷ್ಟು ದೊಡ್ಡ ಏರು. ಒಬ್ಬರನ್ನೂ ಕೆಳಗೆ ಇಳಿಸದೆ ಹತ್ತಿಸಿಬಿಟ್ಟ ನಿನ್ನ ಗಂಡ. ಅವನ ಮಗಳನ್ನ ಬೇಡ ಅನ್ನೋಕೆ ಇವರ್ಯಾರು ಅನ್ನಿಸ್ತು."

ನೀಲಾಂಬಿಕೆಯವರು ಸೌಟು ಹಿಡಿದು ನಿಂತಲ್ಲೇ ನಿಂತರು. ಪಂಕ್ತಿಯ ತುದಿಯಿಂದ ಪರಮೇಶ್ವರಪ್ಪನವರು ಪಾಯಸ ಕೇಳಿದರು. ಅವರು ಎರಡು ಸಲ ಕೇಳಬೇಕಾಯಿತು.